ಅಪ್ಪ-ಅಮ್ಮನಿಗೆ ಬೆಂಗಳೂರು ತೋರಿಸುವ ಮೊದಲು ಮನೆಯ ಕೀಲಿ ಕೊಡಿ

2024ರ ಜುಲೈನ ಆ ಸುದ್ದಿ ನಿಮಗೆ ನೆನಪಿರಬೇಕು. ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಅವರ ಮಗ ಸಿನಿಮಾ ತೋರಿಸಲೆಂದು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಕರೆದುಕೊಂಡು ಹೋಗಿದ್ದರು. ಪಂಚೆ ಉಟ್ಟಿದ್ದಾರೆ ಅನ್ನುವ ಕಾರಣಕ್ಕೆ ಅವರನ್ನು ಬಾಗಿಲಲ್ಲೇ ತಡೆದರು. ವಿಡಿಯೊ ಹರಿದಾಡಿತು. ಸಂಘಟನೆಗಳು ಮಾಲ್ ಮುಂದೆ ಪ್ರತಿಭಟನೆಗೆ ಕೂತವು. ವಿಧಾನಸಭೆಯಲ್ಲಿ ಚರ್ಚೆಯಾಯಿತು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಅದೇ ವರ್ಷದ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಎಂದು ಇನ್ನೊಬ್ಬ ರೈತರನ್ನು ತಡೆದಿದ್ದಕ್ಕೆ ಅಲ್ಲಿನ ಭದ್ರತಾ ಸಿಬ್ಬಂದಿ ಕೆಲಸ ಕಳೆದುಕೊಂಡಿದ್ದರು.

ಎರಡೂ ಸಲ ನಾವೆಲ್ಲ ಸಿಟ್ಟಾದೆವು. ಆಗಬೇಕಾದದ್ದೇ. ಆದರೆ ಆ ಮಾಲ್ ಸುದ್ದಿಯ ಒಳಗೆ ಇನ್ನೊಂದು ವಿಷಯ ಇತ್ತು, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಬೆಂಗಳೂರಿನಲ್ಲಿರುವ ಮಗ ಊರಿಂದ ಬಂದ ಅಪ್ಪನಿಗೆ ತನ್ನ ಹೊಸ ಊರು ತೋರಿಸಲು ಹೊರಟಿದ್ದ. ನಮ್ಮ ಬ್ಯಾಚಿನ ಅರ್ಧ ಜನ ವರ್ಷಕ್ಕೆ ಎರಡು ಸಲ ಮಾಡುವ ಕೆಲಸ ಇದೇ. ಆ ಮಗ ಮಾಡಿದ್ದರಲ್ಲಿ ಏನೂ ತಪ್ಪಿಲ್ಲ. ಮಾಲ್‌ನ ಬಾಗಿಲು ಗಲಾಟೆ ಮಾಡಿದರೆ ತೆರೆಯುತ್ತದೆ. ನಾನು ಕೇಳಬೇಕೆಂದಿರುವುದು ನಮ್ಮ ಮನೆಗಳ ಬಾಗಿಲ ಬಗ್ಗೆ. ಜಯನಗರ, ಜೆಪಿ ನಗರ, ಬನಶಂಕರಿ, ಬಿಟಿಎಂ ಲೇಔಟ್‌ನ ಫ್ಲ್ಯಾಟುಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಕೂತಿರುವ ಅಪ್ಪ-ಅಮ್ಮಂದಿರ ಬಗ್ಗೆ.

ನಾನು ತುಮಕೂರು ಜಿಲ್ಲೆಯಲ್ಲಿ ಸ್ಟ್ರಿಂಗರ್. ಸುದ್ದಿಗಾಗಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂರುವುದು ನನ್ನ ಕೆಲಸದ ಭಾಗ. ಬೇಸಿಗೆ ರಜೆ, ದಸರಾ ಮುಗಿದ ಮೇಲೆ ಬೆಂಗಳೂರಿನಿಂದ ಬಂದ ಬಸ್ಸಿಂದ ಇಳಿಯುವ ಹಿರಿಯರನ್ನು ಮಾತಾಡಿಸಿ ನೋಡಿ. 'ಹೆಂಗಿತ್ತು ಬೆಂಗ್ಳೂರು?' ಅಂದರೆ ಮೊದಲು ಪಟ್ಟಿ ಬರುತ್ತದೆ: ವಿಧಾನಸೌಧ, ಇಸ್ಕಾನ್, ಲಾಲ್‌ಬಾಗ್, ಬನ್ನೇರುಘಟ್ಟ, ಯಾವುದೋ ಮಾಲು. ಇನ್ನೂ ಸ್ವಲ್ಪ ಹೊತ್ತು ಕೂತರೆ ನಿಜವಾದ ಮಾತು ಬರುತ್ತದೆ. 'ಎಲ್ಲ ಚೆನ್ನಾಗೈತೆ, ಆದ್ರೆ ಹೊತ್ತೇ ಹೋಗಲ್ಲ ಕಣಪ್ಪ. ಕಾಲು ಕಟ್ಟಾಕ್ದಂಗೆ.'

ಆ 'ಕಾಲು ಕಟ್ಟಾಕ್ದಂಗೆ' ಅನ್ನುವುದು ಹೇಗಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ತಮ್ಮ ಬಿಟಿಎಂ ಲೇಔಟ್‌ನಲ್ಲಿದ್ದಾನೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅಪ್ಪ-ಅಮ್ಮ ಮೊದಲ ಸಲ ಇಪ್ಪತ್ತು ದಿನ ಅಲ್ಲಿಗೆ ಹೋದಾಗ ತಮ್ಮ ಎರಡು ಭಾನುವಾರ ಕಾರು ಮಾಡಿ ಎಲ್ಲ ತೋರಿಸಿದ. ಉಳಿದ ದಿನ? ಅಪ್ಪ ಬೆಳಗ್ಗೆ ಐದಕ್ಕೆ ಎದ್ದು 'ಹಾಲು ತರ್ಲಾ?' ಅಂದರು. ಹಾಲು ಆ್ಯಪ್‌ನಲ್ಲಿ ಹೇಳಿದರೆ ಬಾಗಿಲಿಗೇ ಬರುತ್ತದೆ. 'ತರಕಾರಿ?' ಅದು ಹತ್ತು ನಿಮಿಷದಲ್ಲಿ ಬರುತ್ತದೆ. 'ಪೇಪರ್?' ಮೊಬೈಲ್‌ನಲ್ಲಿದೆ. ಕೆಳಗೆ ಒಂದು ಸುತ್ತು ಹೋಗಿ ಬರೋಣ ಅಂದರೆ ಗೇಟಿನಲ್ಲಿದ್ದ ಸೆಕ್ಯೂರಿಟಿ ಹುಡುಗ ತಡೆದು ಫ್ಲ್ಯಾಟ್ ನಂಬರ್ ಕೇಳಿದ, ಆಫೀಸಿನಲ್ಲಿದ್ದ ತಮ್ಮನಿಗೆ ಫೋನ್ ಹೋಯಿತು. ಅವನಿಗೆ ಕನ್ನಡ ಬರದು, ಅಪ್ಪನಿಗೆ ಹಿಂದಿ ಬರದು. ಇಬ್ಬರದೂ ತಪ್ಪಲ್ಲ. ಅಷ್ಟು ದೂರದಿಂದ ಹೊಟ್ಟೆಪಾಡಿಗೆ ಬಂದ ಆ ಹುಡುಗನೂ ತನ್ನ ಅಪ್ಪನನ್ನು ಊರಲ್ಲೇ ಬಿಟ್ಟು ಬಂದವನೇ. ಆದರೆ ಎಪ್ಪತ್ತು ವರ್ಷ ಯಾರ ಅಪ್ಪಣೆಯೂ ಇಲ್ಲದೆ ತೋಟಕ್ಕೂ ಸಂತೆಗೂ ಹೋಗಿ ಬಂದ ಮನುಷ್ಯ ನಾಲ್ಕನೇ ದಿನದಿಂದ ಗೇಟಿನ ಕಡೆಗೇ ಹೋಗಲಿಲ್ಲ. ಟಿವಿ ಮುಂದೆ ಕೂತರು.

ನಾವು ಇದನ್ನು 'ರೆಸ್ಟ್' ಅನ್ನುತ್ತೇವೆ. 'ಜೀವಮಾನ ಪೂರ್ತಿ ದುಡಿದಿದ್ದೀರಿ, ಆರಾಮಾಗಿ ಕೂತ್ಕೊಳ್ಳಿ' ಅನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಊರಿನ ಮನುಷ್ಯನಿಗೆ ಹಾಲು ತರುವುದು ಬರೀ ಹಾಲು ತರುವುದಲ್ಲ. ದಾರಿಯಲ್ಲಿ ನಾಲ್ಕು ಜನ ಸಿಗುತ್ತಾರೆ, ಅಂಗಡಿಯವನು 'ಯಾವೂರು?' ಅನ್ನುತ್ತಾನೆ, ಮಾರನೇ ದಿನ ಅವನೇ ನಮಸ್ಕಾರ ಹಾಕುತ್ತಾನೆ. ಒಂದು ಊರು ಪರಿಚಯವಾಗುವುದು ಹೀಗೆ. ಆ್ಯಪ್‌ಗಳು ನಮ್ಮ ಸಮಯ ಉಳಿಸಿರಬಹುದು. ಜೊತೆಗೆ ಬಂದ ಹಿರಿಯರಿಗೆ ಮನೆಯಲ್ಲಿದ್ದ ಒಂದೇ ಒಂದು ಕೆಲಸವನ್ನೂ ತೆಗೆದುಬಿಟ್ಟಿವೆ.

ಇದರಲ್ಲಿ ಹಳ್ಳಿಯವರು, ಪೇಟೆಯವರು ಅನ್ನುವ ಭೇದವೂ ಇಲ್ಲ. ಜಯನಗರದ ಯಾವುದೇ ಪಾರ್ಕಿನ ಬೆಂಚಿನಲ್ಲಿ ಕೂತು ನೋಡಿ, ಮಗಳೋ ಮಗನೋ ಅಮೆರಿಕದಲ್ಲಿರುವ ನಿವೃತ್ತರು ಸಿಗುತ್ತಾರೆ. ವೀಸಾ ಸಂದರ್ಶನಕ್ಕೆಂದು ಚೆನ್ನೈಗೆ ರೈಲು ಹತ್ತಿದವರು. 2025ರ ಜನವರಿಯವರೆಗೆ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟೇ ಇರಲಿಲ್ಲ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಮೊದಲ ತಿಂಗಳು ನಯಾಗರ, ಗೋಲ್ಡನ್ ಗೇಟ್, ದೇವಸ್ಥಾನ. ಆಮೇಲೆ ಐದು ತಿಂಗಳು ಕಿಟಕಿಯಿಂದ ಕಾಣುವ ಖಾಲಿ ರಸ್ತೆ. ಕಾರು ಓಡಿಸಲು ಬರದಿದ್ದರೆ ಅಂಗಡಿಗೂ ಹೋಗುವಂತಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು ಅಲ್ಲಿ ಮಗನ ರಜೆಗೆ ಕಾಯುತ್ತಾ ಕೂರುತ್ತಾರೆ.

ಆದರೆ ಅಲ್ಲೂ ಬೇರೆ ದಾರಿ ಇದ್ದೇ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಫ್ರೀಮಾಂಟ್‌ನಲ್ಲಿ ನಮ್ಮ ಜನ ಬಹಳ. ಅಲ್ಲಿಗೆ ಬಾರ್ಟ್ ರೈಲು ಬಂದದ್ದು 1972ರಲ್ಲಿ. 65 ದಾಟಿದವರಿಗೆ ಟಿಕೆಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ರಿಯಾಯಿತಿ. ಮಕ್ಕಳು ಒಂದು ದಿನ ಜೊತೆಗೆ ಹೋಗಿ ಕಾರ್ಡ್ ಮಾಡಿಸಿ, ಯಾವ ನಿಲ್ದಾಣ, ಯಾವ ಕಡೆ ಅಂತ ತೋರಿಸಿಬಿಟ್ಟರೆ ಆ ಹಿರಿಯರ ಐದು ತಿಂಗಳೇ ಬದಲಾಗುತ್ತದೆ. ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಹೊಳೆಯುವುದಿಲ್ಲ. ಅವರೇ ರೈಲು ಹತ್ತುವವರಲ್ಲ. ತಾವು ಓಡಾಡುವ ಊರನ್ನು ತೋರಿಸುತ್ತಾರೆ, ಅದು ಕಾರಿನ ಊರು.

ಬಿಟಿಎಂನಲ್ಲೂ ಕಥೆ ಅದೇ. ನಾವು ಬೈಕಿನ ಊರು, ಕ್ಯಾಬಿನ ಊರು ತೋರಿಸುತ್ತೇವೆ. ಅಪ್ಪ-ಅಮ್ಮ ಒಬ್ಬರೇ ಓಡಾಡಬಹುದಾದ ಊರೂ ಇಲ್ಲೇ ಪಕ್ಕದಲ್ಲಿದೆ, ಅದನ್ನು ತೋರಿಸುವುದಿಲ್ಲ.

ಬಿಟಿಎಂ ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಹಳ್ಳಿಗಳ ಹೆಸರು. ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ, ಕತ್ರಿಗುಪ್ಪೆ, ಯಡಿಯೂರು, ಅರೆಕೆರೆ, ಬಿಳೇಕಹಳ್ಳಿ ಎಲ್ಲವೂ ಊರುಗಳೇ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಒಂದೊಂದಾಗಿ ಬಡಾವಣೆಗಳ ಒಳಗೆ ಸೇರಿಹೋದವು. ಆದರೆ ಪೂರ್ತಿ ಹೋಗಿಲ್ಲ. ಅಪಾರ್ಟ್‌ಮೆಂಟಿನ ಹಿಂದಿನ ಬೀದಿಗೆ ಹೋದರೆ ಗ್ರಾಮದೇವತೆಯ ಗುಡಿ ಇದೆ, ಅರಳಿಕಟ್ಟೆ ಇದೆ, ಹಸು ಕಟ್ಟಿದ ಮನೆಗಳಿವೆ, 'ನಿಮ್ ಕಡೆ ಮಳೆ ಹೆಂಗೆ?' ಅಂತ ಕೇಳುವ ಜನರಿದ್ದಾರೆ. ನಮಗೆ ಅಲ್ಲಿ ಕೆಲಸವಿಲ್ಲ, ಹಾಗಾಗಿ ಹೋಗಿಲ್ಲ. ಅಪ್ಪನಿಗೆ ಇರುವುದು ಅಲ್ಲೇ.

ಕೆರೆಗಳನ್ನೇ ತಗೊಳ್ಳಿ. ಜೆಪಿ ನಗರದ ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಜೆಸಿಬಿ ತಂದು ತೆರವು ಮಾಡಿಸಿತು. ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ನೋಡಿಕೊಳ್ಳುತ್ತಿದ್ದಾರೆ. ನಾವು ಅಲ್ಲಿ ವಾಕಿಂಗ್ ಹೋಗುತ್ತೇವೆ, ಹಕ್ಕಿ ಫೋಟೊ ತೆಗೆಯುತ್ತೇವೆ. ಊರಿಂದ ಬಂದ ಹಿರಿಯರನ್ನು ಅಲ್ಲಿ ನಿಲ್ಲಿಸಿ ನೋಡಿ. 'ತೂಬು ಎಲ್ಲೈತೆ? ಕೋಡಿ ಯಾವ ಕಡೆ? ನೀರು ಎಲ್ಲಿಂದ ಬರ್ತದೆ?' ಅಂತ ಕೇಳುತ್ತಾರೆ. ಬೆಂಗಳೂರಿನ ಕೆರೆಗಳ ಸಮಸ್ಯೆ ಪೂರ್ತಿ ಆ ಮೂರು ಪ್ರಶ್ನೆಗಳಲ್ಲಿದೆ. ಅಲ್ಲಿ ಅವರು ನೋಡಲು ಬಂದವರಲ್ಲ, ತಿಳಿದವರು.

ಲಾಲ್‌ಬಾಗ್ ಕೂಡ ಹಾಗೇ. ಹೈದರ್ ಅಲಿ 1760ರಲ್ಲಿ ಶುರು ಮಾಡಿಸಿದ ತೋಟ. ನಾವು ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಕರೆದುಕೊಂಡು ಹೋಗಿ, ಗಾಜಿನ ಮನೆ ಮುಂದೆ ನಿಲ್ಲಿಸಿ ಫೋಟೊ ತೆಗೆದು ವಾಪಸ್ ತರುತ್ತೇವೆ. ಯಾವುದಾದರೂ ಮಂಗಳವಾರ ಬೆಳಗ್ಗೆ ಹೋದರೆ ಅಲ್ಲಿನ ಬಂಡೆ ಮೇಲೆ ಆರಾಮಾಗಿ ಕೂರಬಹುದು. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಾರ್ತಿಕದ ಕೊನೇ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಗೆ ಅಪ್ಪ-ಅಮ್ಮ ಬರುವ ಹಾಗೆ ದಿನ ನೋಡಿಕೊಳ್ಳಿ. ಅಲ್ಲಿ ಕಾಯಿ ಸುರಿದುಕೊಂಡು ಕೂತ ರೈತರ ಜೊತೆ ಮಾತಾಡಲು ಅವರಿಗೆ ನಿಮ್ಮ ಸಹಾಯ ಬೇಕಿಲ್ಲ.

ಇನ್ನು ತರಕಾರಿ. ಬನಶಂಕರಿ-ಜೆಪಿ ನಗರದ ಹತ್ತಿರ ಸಾರಕ್ಕಿ ಮಾರ್ಕೆಟ್ ಇದೆ. ಬೆಳಗಿನ ಜಾವವೇ ಗಲಗಲ ಅನ್ನುತ್ತದೆ. ಅಪ್ಪನ ಕೈಗೆ ಚೀಲ ಕೊಟ್ಟು ಕಳಿಸಿ. ಹುರುಳಿಕಾಯಿ ಎಳೆಯದೋ ಬಲಿತದ್ದೋ ಅಂತ ನಿಮಗಿಂತ ಚೆನ್ನಾಗಿ ಗೊತ್ತು. ಊರಲ್ಲಿ ಟೊಮೆಟೊ ಬಾಕ್ಸ್ ಲೆಕ್ಕದಲ್ಲಿ ಕೊಟ್ಟು ಬಂದವರು ಇಲ್ಲಿ ಅದೇ ಹಣ್ಣನ್ನು ಕೆ.ಜಿ. ಲೆಕ್ಕದಲ್ಲಿ ನೋಡುತ್ತಾರೆ. ನಡುವಿನ ದುಡ್ಡು ಯಾರ ಕೈಗೆ ಹೋಯಿತು ಅಂತ ಮನೆಗೆ ಬಂದು ಲೆಕ್ಕ ಹಾಕುತ್ತಾರೆ. ನಾವು ಕೃಷಿ ಮಾರುಕಟ್ಟೆ ಬಗ್ಗೆ ಬರೆಯುವ ಎಷ್ಟೋ ವರದಿಗಳಿಗಿಂತ ಆ ಲೆಕ್ಕ ಚೊಕ್ಕವಾಗಿರುತ್ತದೆ.

'ಒಬ್ಬರೇ ಹೇಗೆ ಕಳಿಸೋದು, ಟ್ರಾಫಿಕ್ ನೋಡಿದ್ದೀರಾ?' ಅನ್ನುತ್ತೀರಿ. ನೋಡಿದ್ದೇನೆ. ರಸ್ತೆ ದಾಟುವುದು ನಿಜಕ್ಕೂ ಅಪಾಯ. ಮಂಡಿನೋವು, ಕಣ್ಣಿನ ಪೊರೆ ಇರುವವರಿಗೆ ಇನ್ನೂ ಕಷ್ಟ. ಎಲ್ಲರನ್ನೂ ಎಲ್ಲ ಕಡೆ ಕಳಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ಹತ್ತು ವರ್ಷದ ಹಿಂದಿನ ಬೆಂಗಳೂರಿಗೂ ಇವತ್ತಿನದಕ್ಕೂ ಈ ಒಂದು ವಿಷಯದಲ್ಲಿ ವ್ಯತ್ಯಾಸ ಇದೆ.

2017ರ ಜೂನ್‌ನಿಂದ ಹಸಿರು ಮಾರ್ಗದ ಮೆಟ್ರೊ ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್, ಜಯನಗರ, ಆರ್.ವಿ. ರಸ್ತೆ, ಬನಶಂಕರಿ, ಜೆಪಿ ನಗರಕ್ಕೆ ಬರುತ್ತಿದೆ. 2021ರ ಜನವರಿಯಲ್ಲಿ ಅದು ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆವರೆಗೆ ಹೋಯಿತು. ಆ ಕಡೆ ತುದಿ 2024ರ ನವೆಂಬರ್‌ನಲ್ಲಿ ಮಾದಾವರ ಮುಟ್ಟಿತು. ಅಂದರೆ ನಮ್ಮ ತುಮಕೂರು ಕಡೆಯಿಂದ ಬರುವವರು ಮಾದಾವರದಲ್ಲೋ ನಾಗಸಂದ್ರದಲ್ಲೋ ಬಸ್ ಇಳಿದರೆ ಮೆಜೆಸ್ಟಿಕ್ಕಿನ ಗದ್ದಲವಿಲ್ಲದೆ, ಗಾಡಿ ಬದಲಿಸದೆ ಬನಶಂಕರಿಗೆ ಬರಬಹುದು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಶುರುವಾಯಿತು. ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿಟಿಎಂ ದಾಟಿ ಬೊಮ್ಮಸಂದ್ರದವರೆಗೆ 19 ಕಿ.ಮೀ. ನಿಲ್ದಾಣದ ಹೆಸರು ಕನ್ನಡದಲ್ಲಿ ಕೂಗುತ್ತಾರೆ, ಕನ್ನಡದಲ್ಲಿ ಬರೆದಿರುತ್ತದೆ. ರಸ್ತೆ ದಾಟುವ ಭಯವಿಲ್ಲ, ಲಿಫ್ಟ್ ಇದೆ. ಹಿರಿಯರು ಕಲಿಯಲು ಇದಕ್ಕಿಂತ ಸುಲಭದ ವಾಹನ ಇಲ್ಲ.

ಅಮ್ಮಂದಿರಿಗೆ ಇನ್ನೂ ಒಂದು ಅನುಕೂಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಆಧಾರ್ ತೋರಿಸಿದರೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಊರಿಂದ ಧರ್ಮಸ್ಥಳಕ್ಕೆ ಸಂಘದ ಹೆಂಗಸರ ಜೊತೆ ಹೋಗಿ ಬಂದ ಅಮ್ಮ ಬಿಟಿಎಂನಿಂದ ಬನಶಂಕರಿ ಗುಡಿಗೆ ಒಬ್ಬಳೇ ಹೋಗಲಾರಳು ಅಂತ ತೀರ್ಮಾನ ಮಾಡುವವರು ನಾವು. ಅಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವ ಸಾಲಿನಲ್ಲಿ ನಿಂತರೆ ಅರ್ಧ ಗಂಟೆಯಲ್ಲಿ ಮೂವರ ಪರಿಚಯ ಮಾಡಿಕೊಂಡು ಬರುತ್ತಾಳೆ. ನಮಗೆ ಇಷ್ಟು ವರ್ಷದಲ್ಲಿ ಎದುರು ಫ್ಲ್ಯಾಟಿನವರ ಹೆಸರು ಗೊತ್ತಾಗಿಲ್ಲ.

ಪಿಜಿಗಳಲ್ಲಿರುವವರ ಕಷ್ಟ ಬೇರೆ, ಅದನ್ನೂ ಹೇಳಬೇಕು. ಬಿಟಿಎಂ ತುಂಬ ಪಿಜಿಗಳು. ಅಪ್ಪ-ಅಮ್ಮ ಬಂದರೆ ರಾತ್ರಿ ಉಳಿಸಿಕೊಳ್ಳಲು ಜಾಗವಿಲ್ಲ. ಎಷ್ಟೋ ಹೆಣ್ಣುಮಕ್ಕಳು ಅವರನ್ನು ಬೇಕರಿಯ ಮುಂದೆ ಕೂರಿಸಿಕೊಂಡು ಮಾತಾಡಿ ಸಂಜೆ ಬಸ್ಸಿಗೆ ಹತ್ತಿಸುತ್ತಾರೆ. ಅಂಥವರಿಗೆ ಪಾರ್ಕು, ಗ್ರಂಥಾಲಯ, ಇಂದಿರಾ ಕ್ಯಾಂಟೀನ್ ಇವೇ ಮನೆಯ ಹಾಲ್ ಇದ್ದ ಹಾಗೆ. ಮೊದಲ ಇಂದಿರಾ ಕ್ಯಾಂಟೀನ್ 2017ರ ಆಗಸ್ಟ್‌ನಲ್ಲಿ ಶುರುವಾಗಿದ್ದು ಇಲ್ಲೇ, ಜಯನಗರದ ಕನಕನಪಾಳ್ಯದಲ್ಲಿ. ಪಾರ್ಕುಗಳಿಗೆ ಮುಂಚೆ ನಡುಮಧ್ಯಾಹ್ನ ಬೀಗ ಹಾಕುತ್ತಿದ್ದರು. 2024ರ ಜೂನ್‌ನಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನವಾಯಿತು. ನನ್ನ ಲೆಕ್ಕದಲ್ಲಿ ಊರಿಂದ ಬಂದ ಹಿರಿಯರಿಗೆ ಒಂದು ಫ್ಲೈಓವರ್‌ಗಿಂತ ದೊಡ್ಡ ಉಪಕಾರ ಅದು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಇವತ್ತು ನೋಡಲು ಬಂದವರು ನಾಳೆ ಇರಲು ಬರಬೇಕಾಗುತ್ತದೆ. ನಮ್ಮ ಜಿಲ್ಲೆಯ ಜನರಿಗೆ ದಕ್ಷಿಣ ಬೆಂಗಳೂರು ಅಂದರೆ ಜಯನಗರದ ಅಂಗಡಿಬೀದಿಗಿಂತ ಮೊದಲು ನೆನಪಾಗುವುದು ಜಯದೇವ, ಕಿದ್ವಾಯಿ, ನಿಮ್ಹಾನ್ಸ್. ಹೃದಯದ ಸ್ಟೆಂಟು, ಕಿಮೋಥೆರಪಿ ಅಂತ ತಿಂಗಳುಗಟ್ಟಲೆ ಮಕ್ಕಳ ಮನೆಯಲ್ಲಿ ಇರಬೇಕಾದ ದಿನ ಬಹಳ ಮನೆಗಳಿಗೆ ಬರುತ್ತದೆ. ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಉಳಿದವರನ್ನು ಊರಲ್ಲಿ ಒಂಟಿಯಾಗಿ ಬಿಡಲಾಗದ ದಿನವೂ ಬರುತ್ತದೆ. ಆಗ ಮಗ 'ಬನ್ನಿ' ಅನ್ನುತ್ತಾನೆ. ಅವರು 'ಒಲ್ಲೆ' ಅನ್ನುತ್ತಾರೆ. ನಾವು ಅದನ್ನು ಹಟ ಅನ್ನುತ್ತೇವೆ, ಊರಿನ ವ್ಯಾಮೋಹ ಅನ್ನುತ್ತೇವೆ. ಹಟ ಅಲ್ಲ ಅದು. ಮೊದಲ ಸಲದ ಇಪ್ಪತ್ತು ದಿನಗಳ ನೆನಪು. ಆ ಊರಿನಲ್ಲಿ ನಾನು ಯಾರೂ ಅಲ್ಲ, ನನಗೊಂದು ಬೀದಿ ಗೊತ್ತಿಲ್ಲ, ಗೇಟು ದಾಟಲು ಮಗನಿಗೆ ಫೋನ್ ಹೋಗಬೇಕು ಅನ್ನುವ ಭಯ.

ಹಾಗೆ ಹೆದರಿ ಊರಲ್ಲೇ ಉಳಿದ ವಯಸ್ಸಾದವರ ಪಾಡನ್ನು ಸ್ಟ್ರಿಂಗರ್‌ಗಳಾದ ನಾವು ನೋಡುತ್ತಲೇ ಇರುತ್ತೇವೆ. ತಪ್ಪಿಹೋದ ಚೆಕಪ್, ನಿಂತುಹೋದ ಮಾತ್ರೆ, ಅಕ್ಕಪಕ್ಕದವರೇ ಕೊಡುವ ಊಟ. ಇದು ಸುದ್ದಿಯಾಗುವುದಿಲ್ಲ, ಯಾವ ಪತ್ರಿಕೆಯೂ ನಾಲ್ಕು ಸಾಲು ಕೊಡುವುದಿಲ್ಲ. ಆರೋಗ್ಯವಾಗಿದ್ದಾಗಲೇ ಆ ಹೊಸ ಊರಿನಲ್ಲಿ ಅವರಿಗೆ ಒಂದು ದಾರಿ, ಒಂದು ಅಂಗಡಿ, ಒಂದು ಬೆಂಚು, ಇಬ್ಬರು ಪರಿಚಯದವರು ಇದ್ದಿದ್ದರೆ ಕಷ್ಟ ಬಂದಾಗ ಬರಲು ಅಷ್ಟು ಹೆದರುತ್ತಿರಲಿಲ್ಲ.

ಎಲ್ಲವನ್ನೂ ಮಕ್ಕಳ ತಲೆ ಮೇಲೆ ಹಾಕುವುದೂ ಸರಿಯಲ್ಲ. ಬೆಳಗ್ಗೆ ಹೋದವರು ರಾತ್ರಿ ಒಂಬತ್ತಕ್ಕೆ ಬರುವ ಊರು ಇದು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. ಒಂದು ಇದ್ದಾಗ ಆಗದ ಚಿಕ್ಕ ಕೆಲಸಗಳು ಐದಾದ ಮೇಲಾದರೂ ಆಗಬೇಕು. ಚಪ್ಪಡಿ ಕಿತ್ತುಹೋಗದ ಫುಟ್‌ಪಾತ್, ಬಸ್ ನಿಲ್ದಾಣದಲ್ಲಿ ಯಾವ ಬಸ್ ಎಲ್ಲಿಗೆ ಅಂತ ದಪ್ಪ ಕನ್ನಡ ಅಕ್ಷರದ ಬೋರ್ಡು, ನಿಧಾನವಾಗಿ ನಡೆಯುವವರೂ ದಾಟುವಷ್ಟು ಹೊತ್ತು ಉರಿಯುವ ಸಿಗ್ನಲ್, ಅಲ್ಲಲ್ಲಿ ಕೂರಲು ಕಲ್ಲುಬೆಂಚು, ಬೀಗ ಹಾಕದ ಶೌಚಾಲಯ. ಇವು ಆದರೆ ಹಳ್ಳಿಯಿಂದ ಬಂದವರಿಗೆ ಮಾತ್ರವಲ್ಲ, ಜಯನಗರದಲ್ಲೇ ವಯಸ್ಸಾದವರಿಗೂ ಅನುಕೂಲ. ಅಪಾರ್ಟ್‌ಮೆಂಟ್ ಸಂಘಗಳು ಒಂದು ಕೆಲಸ ಮಾಡಬಹುದು. ನಾಯಿಗೆ, ಕಾರಿಗೆ ಸ್ಟಿಕ್ಕರ್ ಕೊಡುವ ಹಾಗೆ ಬಂದಿರುವ ಅಪ್ಪ-ಅಮ್ಮನಿಗೂ ಒಂದು ಗುರುತಿನ ಕಾರ್ಡ್ ಕೊಟ್ಟು, ಗೇಟಿನಲ್ಲಿ ತಡೆಯಬೇಡಿ ಅಂತ ಹೇಳಿಬಿಡಲಿ.

ಮಕ್ಕಳು ಮಾಡಬೇಕಾದದ್ದೂ ದೊಡ್ಡದಲ್ಲ. ಮುಂದಿನ ಸಲ ಅವರು ಬಂದ ಮೊದಲ ಭಾನುವಾರ ಕಾರು ತೆಗೆಯಬೇಡಿ. ಜೊತೆಗೆ ನಡೆದು ಹೋಗಿ ಹಾಲಿನ ಬೂತ್, ಔಷಧಿ ಅಂಗಡಿ, ಪಾರ್ಕು, ಬಸ್ ಸ್ಟಾಪು, ಮೆಟ್ರೊ ತೋರಿಸಿ. ಎರಡನೇ ದಿನ ಅವರನ್ನು ಮುಂದೆ ಬಿಟ್ಟು ನೀವು ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಮನೆಯ ವಿಳಾಸ, ಫೋನ್ ನಂಬರ್, ಹತ್ತಿರದ ಗುರುತು ಕನ್ನಡದಲ್ಲಿ ದೊಡ್ಡದಾಗಿ ಬರೆದು ಜೇಬಿಗೆ ಹಾಕಿ. ಸೆಕ್ಯೂರಿಟಿ ಹುಡುಗನಿಗೆ ಪರಿಚಯ ಮಾಡಿಸಿ. ಅವರು ಇರುವಷ್ಟು ದಿನ ಹಾಲಿನ ಆ್ಯಪ್ ನಿಲ್ಲಿಸಿ. ಮನೆಯ ಇನ್ನೊಂದು ಕೀಲಿ ಅವರ ಕೈಗೆ ಕೊಡಿ.

ಬುಧವಾರ ಮಧ್ಯಾಹ್ನ ನೀವು ಆಫೀಸಿನಿಂದ ಫೋನ್ ಮಾಡಿದಾಗ 'ಈಗ ಆಗಲ್ಲ, ಮಾರ್ಕೆಟಲ್ಲಿದೀನಿ, ಆಮೇಲೆ ಮಾಡ್ತೀನಿ' ಅಂತ ಅಪ್ಪ ಫೋನ್ ಇಟ್ಟರೆ ಬೆಂಗಳೂರು ತೋರಿಸಿದ ಕೆಲಸ ಆಯಿತು ಅಂತ ತಿಳಿಯಿರಿ. ವಿಧಾನಸೌಧ ಆಮೇಲೂ ನೋಡಬಹುದು.